ಪೆಟ್ಟಿಗೆಯ ಮೇಲಿನ ಹೂವು



ಸಾವಿನ ಮನೆಯಲ್ಲಿ ಹಣದ ಮಾತೆತ್ತುವುದು ನಮ್ಮ ರೂಢಿಯಲ್ಲ. ಎತ್ತಿದವರನ್ನು ಕಲ್ಲೆದೆಯವರೆಂದು ಬಗೆಯುತ್ತೇವೆ. ಆದರೆ ಮಣ್ಣು ಕೊಟ್ಟು ಬಂದ ಮಾರನೆಯ ದಿನವೇ ಶಾಮಿಯಾನದವರು ಬರುತ್ತಾರೆ, ಕುರ್ಚಿಯವರು ಬರುತ್ತಾರೆ, ಪೆಟ್ಟಿಗೆ ಮಾಡಿಕೊಟ್ಟವರು ಬರುತ್ತಾರೆ, ಐಸ್ ಪೆಟ್ಟಿಗೆಯ ಬಾಡಿಗೆಯವರು ಬರುತ್ತಾರೆ. ಕೊನೆಗೆ, ತುಸು ಸಂಕೋಚದಿಂದಲೇ, ಹೂವಿನವರೂ ಬರುತ್ತಾರೆ. ಅವರದೇನೂ ತಪ್ಪಿಲ್ಲ. ನಾವು ಹೇಳಿದ್ದನ್ನು ಅವರು ಕಟ್ಟಿಕೊಟ್ಟಿದ್ದಾರೆ. ಹೇಳುವಾಗ ಎಷ್ಟಾಗುತ್ತದೆ ಎಂದು ನಾವು ಕೇಳಿರಲಿಲ್ಲ, ಅಷ್ಟೆ.

ಈ ವಾರ ಆ ಹೂವಿನ ಲೆಕ್ಕದ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಸ್ವಾಮಿಯವರಿಗೆ ಬರೆಯಲು ಬೇರೆ ವಿಷಯ ಸಿಗಲಿಲ್ಲವೇ ಎಂದು ನಗಬೇಡಿ. ಬಹಳ ವರ್ಷಗಳಿಂದ ಈ ವಿಷಯ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ನಾನು ಹಿಂದೆ ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಗಾರೆ ಕೆಲಸದ ಹಿರಿಯರೊಬ್ಬರು ತೀರಿಕೊಂಡರು. ನಮ್ಮ ದೇವಾಲಯದ ಹಿಂಬದಿಯ ಗೋಡೆಯನ್ನು ಕಟ್ಟಿದವರು ಅವರೇ. ದೊಡ್ಡ ಮಗ ಬೆಂಗಳೂರಿನಿಂದ ಓಡಿ ಬಂದ. ಬಂದವನು ಅಪ್ಪನ ಕಾಲು ಹಿಡಿದು ಅತ್ತ. "ಅಪ್ಪನಿಗೆ ಒಂದು ಒಳ್ಳೆ ಅಂಗಿ ಕೊಡಿಸಲಿಲ್ಲ ನಾನು, ಈಗಲಾದರೂ ರಾಜನ ಹಾಗೆ ಕಳಿಸ್ತೀನಿ" ಎಂದ. ಯಾರು ತಾನೇ ಬೇಡ ಎಂದಾರು? ಸೋದರಮಾವ ಪೇಟೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಹೂವಿನ ರಥ ಬಂತು. ವ್ಯಾನಿನ ನೆತ್ತಿಯಿಂದ ಚಕ್ರದವರೆಗೆ ಸೇವಂತಿಗೆ, ಮುಂದೆ ಗುಲಾಬಿಯ ಆಳೆತ್ತರದ ಶಿಲುಬೆ, ಬದಿಗಳಲ್ಲಿ ಸುಗಂಧರಾಜದ ತೋರಣ. ಪೆಟ್ಟಿಗೆಯೇ ಕಾಣುತ್ತಿರಲಿಲ್ಲ. ಊರಿನ ಜನ, ಇಂಥ ಸಾವು ನಮ್ಮ ಬೀದಿಯಲ್ಲಿ ನೋಡಿರಲಿಲ್ಲ ಎಂದರು. ಸಂಜೆ ನಾನು ಮತ್ತೆ ಸಮಾಧಿಭೂಮಿಯ ಕಡೆ ಹೋದಾಗ ಬೇಲಿಯ ಸಂದಿಯಿಂದ ನುಗ್ಗಿದ ನಾಲ್ಕೈದು ಮೇಕೆಗಳು ಆ ಗುಲಾಬಿಯ ಶಿಲುಬೆಯನ್ನು ನೆಮ್ಮದಿಯಾಗಿ ಮೇಯುತ್ತಿದ್ದವು.

ತಿಂಗಳ ಪೂಜೆಯ ಹಿಂದಿನ ದಿನ ಆ ತಾಯಿ ನನ್ನನ್ನು ನೋಡಲು ಬಂದರು. ಕಿವಿಯಲ್ಲಿ ಓಲೆ ಇರಲಿಲ್ಲ. ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದರು. "ಸ್ವಾಮಿ, ಪೂಜೆಯ ಕಾಣಿಕೆ ಮುಂದಿನ ತಿಂಗಳು ಕೊಟ್ರೆ ಆಯ್ತದಾ?" ಎಂದು ಕೇಳಿದರು. ಕಾಣಿಕೆಯ ಮಾತು ಬಿಡಮ್ಮ ಎಂದೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೊರಬಂತು. ಓಲೆ ಗಿರವಿಗೆ ಹೋಗಿತ್ತು. ಮಗಳು ನರ್ಸಿಂಗ್ ಕಲಿಯಲು ಸೇರಬೇಕಿತ್ತು, ಆ ವರ್ಷ ಸೇರಲಿಲ್ಲ. ಬೆಂಗಳೂರಿನ ಮಗ ಬಡ್ಡಿಗೆ ತಂದಿದ್ದ ಹಣದಲ್ಲಿ ದೊಡ್ಡ ಪಾಲು ಆ ರಥಕ್ಕೆ ಹೋಗಿತ್ತು. "ಅವರು ಇದ್ದಿದ್ರೆ ಬೈತಿದ್ರು ಸ್ವಾಮಿ. ಒಂದು ಇಟ್ಟಿಗೆ ವೇಸ್ಟ್ ಮಾಡೋರಲ್ಲ" ಎಂದು ಆಕೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ನನಗೆ ಸಿಟ್ಟು ಬಂತು. ಮುಂದಿನ ಭಾನುವಾರ ಬಲಿಪೂಜೆಯ ಪ್ರಬೋಧನೆಯಲ್ಲಿ ಸತ್ತವರ ಮೇಲೆ ಹೂ ಸುರಿಯುವವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಇದ್ದಾಗ ಒಂದು ಲೋಟ ನೀರು ಕೊಡದವರು ಸತ್ತಾಗ ಹಾರ ತರುತ್ತಾರೆ ಎಂದೆಲ್ಲ ಹೇಳಿದೆ. ಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಮೆಟ್ಟಿಲ ಬಳಿ ನಿಂತಿದ್ದರು. ಪ್ರತಿ ಭಾನುವಾರ ಪೂಜೆಯ ನಂತರ ಗಂಡನ ಸಮಾಧಿಗೆ ಹೋಗಿ ಒಂದು ಮೊಳ ಹೂವಿಟ್ಟು ಬರುವವರು ಅವರು. ಅಂದು ಹೂವಿನ ಪೊಟ್ಟಣ ಸೆರಗಿನಲ್ಲೇ ಇತ್ತು. "ಸ್ವಾಮಿ, ನಾನು ಇಡೋ ಈ ಒಂದು ಮೊಳಾನೂ ಪಾಪವಾ?" ಎಂದು ಕೇಳಿದರು.

ಪ್ರಿಯರೇ, ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ಸಂತ ಯೊವಾನ್ನರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯವನ್ನು ತೆರೆದು ಕುಳಿತೆ. ನೀವೂ ಇಂದು ಮನೆಯಲ್ಲಿ ಓದಿ.

ಪಾಸ್ಕ ಹಬ್ಬಕ್ಕೆ ಆರು ದಿನ ಮುಂಚೆ ಬೆಥಾನಿಯದಲ್ಲಿ ಊಟದ ಹೊತ್ತು. ಲಾಸರನ ಸಹೋದರಿ ಮರಿಯಳು ಬೆಲೆಬಾಳುವ ಜಟಮಾಂಸಿಯ ಸುಗಂಧತೈಲವನ್ನು ತಂದು ಯೇಸುಸ್ವಾಮಿಯ ಪಾದಗಳಿಗೆ ಹಚ್ಚುತ್ತಾಳೆ. ಮನೆಯೆಲ್ಲ ಪರಿಮಳ. ಆಗ ಲೆಕ್ಕ ಹಾಕಿದವನು ಒಬ್ಬನಿದ್ದ, ಇಸ್ಕರಿಯೋತಿನ ಯೂದ. ಇದನ್ನು ಮಾರಿದ್ದರೆ 300 ದಿನಾರಿ ನಾಣ್ಯ ಬರುತ್ತಿತ್ತು, ಬಡವರಿಗೆ ಕೊಡಬಹುದಿತ್ತು ಎನ್ನುತ್ತಾನೆ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ ನೋಡುತ್ತೇವಲ್ಲ, ಒಂದು ದಿನಾರಿ ಎಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಮುನ್ನೂರು ಎಂದರೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಬಡವರ ಮೇಲಿನ ಕಾಳಜಿಯಿಂದಲ್ಲ, ಹಣದ ಚೀಲ ಅವನ ಕೈಯಲ್ಲಿತ್ತು ಎಂಬ ಕಾರಣಕ್ಕೆ ಹೀಗೆಂದ ಎಂದು ಶುಭಸಂದೇಶಕಾರರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಪ್ರಭುಗಳು ಆಕೆಯನ್ನು ತಡೆಯಲಿಲ್ಲ. ತಮ್ಮ ಸಮಾಧಿಗೆ ಇದು ಸಿದ್ಧತೆ ಎಂದು ಸ್ವೀಕರಿಸಿದರು.

ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಆ ಭಾನುವಾರ ಪೀಠದ ಮೇಲೆ ನಿಂತು ನಾನು ಮಾಡಿದ್ದೂ ಯೂದನ ಲೆಕ್ಕವೇ. ಇನ್ನೊಬ್ಬರ ಕೈಯ ಪರಿಮಳಕ್ಕೆ ಬೆಲೆ ಕಟ್ಟುವ ಲೆಕ್ಕ.

ಹಾಗೆಂದು ಲೆಕ್ಕವೇ ಬೇಡವೇ? ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಬ್ಬ ಲೆಕ್ಕಗಾರ ಸಿಗುತ್ತಾನೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು, ತನ್ನಲ್ಲಿರುವ ಹಣ ಸಾಕಾದೀತೇ ಎಂದು ಎಣಿಸುತ್ತಾನೆ. ಪ್ರಭುಗಳು ಆ ಮಾತನ್ನು ಹೇಳಿದ್ದು ಶಿಷ್ಯರಾಗುವವರು ತೆರಬೇಕಾದ ಬೆಲೆಯ ಬಗ್ಗೆ, ನಿಜ. ಆದರೆ ಕುಳಿತು ಎಣಿಸುವುದನ್ನು ಅವರು ಬುದ್ಧಿವಂತಿಕೆ ಎಂದೇ ಎಣಿಸುತ್ತಾರೆ. ಅವನು ಎಣಿಸಿದ್ದು ತನ್ನ ಕಾಸನ್ನು, ಯೂದನು ಎಣಿಸಿದ್ದು ಮರಿಯಳ ಕಾಸನ್ನು. ನಾನಂದು ನಿಂತುಕೊಂಡು ಊರವರ ಲೆಕ್ಕ ಹೇಳಿದೆ. ಆ ಗಾರೆಯವರ ಮನೆಯಲ್ಲಿ ಕುಳಿತು ತಮ್ಮ ಲೆಕ್ಕ ನೋಡಿಕೊಳ್ಳುವವರು ಒಬ್ಬರೂ ಇರಲಿಲ್ಲ. ಎರಡೂ ತಪ್ಪೇ.

ಇನ್ನೊಂದು ಮಾತು ಗಮನಿಸಿ. ಮರಿಯಳು ತೈಲ ಹಚ್ಚಿದ್ದು ಜೀವಂತ ಪಾದಗಳಿಗೆ. ಭಾನುವಾರ ಮುಂಜಾನೆ ಪರಿಮಳದ್ರವ್ಯ ಹೊತ್ತು ಸಮಾಧಿಗೆ ಹೋದ ಆ ಪುಣ್ಯಸ್ತ್ರೀಯರಿಗೆ ಅದನ್ನು ಬಳಸುವ ಅವಕಾಶವೇ ಬರಲಿಲ್ಲ. ಸಮಾಧಿ ಬರಿದಾಗಿತ್ತು! ಒಳ್ಳೆ ಅಂಗಿ ಕೊಡಿಸಲಿಲ್ಲ ಎಂದು ಅತ್ತ ಆ ಮಗನ ನೆನಪಾದಾಗಲೆಲ್ಲ ನನಗೆ ಈ ಎರಡು ಪರಿಮಳಗಳ ನೆನಪಾಗುತ್ತದೆ. ನಿಮ್ಮ ಅಪ್ಪನೋ ಅವ್ವನೋ ಇನ್ನೂ ಇದ್ದಾರಾದರೆ ಈ ಲೇಖನವನ್ನು ಇಲ್ಲಿಗೇ ಮಡಿಚಿಟ್ಟು ಅವರ ಬಳಿ ಹೋಗಿ ಕುಳಿತುಕೊಂಡರೂ ನನಗೆ ಬೇಸರವಿಲ್ಲ.

ಹೂವಿನ ವಿಷಯದಲ್ಲಿ ಶ್ರೀಸಭೆಯ ಮೊದಲ ಕಾಲದವರು ನಮಗಿಂತ ಬಿಗಿಯಾಗಿದ್ದರು. ಮಿನೂಸಿಯುಸ್ ಫೆಲಿಕ್ಸ್ ಎಂಬ ಲೇಖಕರು ಬರೆದ ಒಂದು ಸಂವಾದದಲ್ಲಿ, ಕ್ರೈಸ್ತರು ತಮ್ಮ ಸಮಾಧಿಗಳಿಗೆ ಹೂಮಾಲೆಯನ್ನೂ ಹಾಕುವುದಿಲ್ಲ ಎಂದು ಅನ್ಯಮತದವನೊಬ್ಬ ದೂರುತ್ತಾನೆ. ಬಾಡುವ ಮಾಲೆ ನಮಗೆ ಬೇಡ, ಬಾಡದ ಮಾಲೆಯನ್ನು ದೇವರಿಂದ ನಿರೀಕ್ಷಿಸುತ್ತೇವೆ ಎಂಬುದು ಕ್ರೈಸ್ತನ ಉತ್ತರದ ತಿರುಳು. ಕಾಲ ಸರಿದಂತೆ ಹೂವು ಒಳಗೆ ಬಂತು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಗಂಡಂದಿರು ಹೆಂಡತಿಯರ ಸಮಾಧಿಗೆ ಗುಲಾಬಿ, ನೈದಿಲೆಯಂಥ ಹೂಗಳನ್ನು ಚೆಲ್ಲುತ್ತಿದ್ದರೆಂದು ಸಂತ ಜೆರೋಮರ ಒಂದು ಪತ್ರದಿಂದ ತಿಳಿಯುತ್ತದೆ. ಅದನ್ನು ಅವರು ಬರೆದದ್ದು ಪಮ್ಮಾಕಿಯುಸ್ ಎಂಬ ರೋಮಿನ ಶ್ರೀಮಂತ ಗೆಳೆಯನಿಗೆ. ಆತನ ಹೆಂಡತಿ ಪೌಲೀನ ತೀರಿಹೋಗಿದ್ದಳು. ಬೇರೆ ಗಂಡಂದಿರು ಹೂ ಚೆಲ್ಲಿ ದುಃಖ ಮರೆಯುವಲ್ಲಿ ಈತ ದಾನಧರ್ಮಗಳ ಪರಿಮಳವನ್ನು ಅವಳ ಅಸ್ಥಿಗಳಿಗೆ ಎರೆಯುತ್ತಿದ್ದಾನೆ ಎಂದು ಸಂತರು ಮೆಚ್ಚುತ್ತಾರೆ. ಆಕೆಯ ಹೆಸರಿನಲ್ಲಿ ಆತ ರೋಮಿನ ಬಡವರಿಗೆ ಸಂತ ಪೇತ್ರರ ದೇವಾಲಯದಲ್ಲಿ ಊಟ ಹಾಕಿದ.

ಹೂವಿನ ಸಂತರೆಂದೇ ನಾವು ಕರೆಯುವ ಲಿಸ್ಯೂನ ಸಂತ ತೆರೇಸರ ಬದುಕಿನಲ್ಲೂ ಸಾವಿನ ಹೂವಿನ ಪ್ರಸಂಗವೊಂದಿದೆ. 1891ರ ಡಿಸೆಂಬರಿನಲ್ಲಿ ಮಠದ ಹಿರಿಯ ತಾಯಿ ಜೆನೆವೀವ್ ನಿಧನರಾದರು. ಬಂದ ಹೂಚಕ್ರಗಳನ್ನು ಪೆಟ್ಟಿಗೆಯ ಸುತ್ತ ಜೋಡಿಸುವ ಕೆಲಸದಲ್ಲಿ ತೆರೇಸರಿದ್ದರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಸಹಸನ್ಯಾಸಿನಿಯೊಬ್ಬರು ಚುಚ್ಚಿದರು: ನಿನ್ನ ಮನೆಯವರು ಕಳಿಸಿದ ದೊಡ್ಡ ಹೂಗಳನ್ನು ಮುಂದಿಟ್ಟು ಬಡವರದನ್ನು ಹಿಂದಿಡುತ್ತೀಯಲ್ಲ ಎಂದು. ತೆರೇಸರು ಎದುರಾಡಲಿಲ್ಲ. ಕೆಲಸಗಾರರು ಕಳಿಸಿದ್ದ ಪಾಚಿಯ ಶಿಲುಬೆಯೊಂದಿತ್ತು, ಅದನ್ನು ಕೇಳಿ ಪಡೆದು ಎಲ್ಲಕ್ಕಿಂತ ಮುಂದೆ ಇಟ್ಟರು. ತಾವೇ ಕ್ಷಯದಿಂದ ಮಲಗಿದಾಗ, ತಮ್ಮ ಪೆಟ್ಟಿಗೆಗೆ ಅಂಥ ಹೂಚಕ್ರಗಳು ಬೇಡ, ಆ ಹಣದಲ್ಲಿ ಗುಲಾಮಗಿರಿಗೆ ಸಿಕ್ಕ ಆಫ್ರಿಕಾದ ಮಕ್ಕಳನ್ನು ಬಿಡಿಸಲಿ ಎಂದು ಕೇಳಿಕೊಂಡರು. 1897ರ ಸೆಪ್ಟೆಂಬರ್ 30ರಂದು ತೀರಿಹೋದರು.

ಈ ಕಾಲದ ಮಾತೂ ಇದೆ. 2025ರ ಏಪ್ರಿಲ್ 26ರಂದು ಜಗದ್ಗುರು ಫ್ರಾನ್ಸಿಸ್‌ರವರ ಅಂತ್ಯಸಂಸ್ಕಾರವನ್ನು ನಿಮ್ಮಲ್ಲಿ ಹಲವರು ಟಿ.ವಿ.ಯಲ್ಲಿ ನೋಡಿದ್ದೀರಿ. ಸಾದಾ ಮರದ ಪೆಟ್ಟಿಗೆ, ಅದರ ಮೇಲೆ ತೆರೆದ ಶುಭಸಂದೇಶ. ಮಾರನೆಯ ದಿನ ರೋಮಿನ ಸಂತ ಮೇರಿ ಮಹಾದೇವಾಲಯದಲ್ಲಿ ಅವರ ಸಮಾಧಿಯನ್ನು ಜನರಿಗೆ ತೆರೆದಾಗ ಕಲ್ಲಿನ ಮೇಲೆ ಇದ್ದದ್ದು ಒಂದೇ ಒಂದು ಬಿಳಿ ಗುಲಾಬಿ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು 2022ರಲ್ಲಿ ಬರೆದಿಟ್ಟ ಉಯಿಲು. ಎಲ್ಲಿ ಹೂಳಬೇಕು, ಕಲ್ಲಿನ ಮೇಲೆ ಏನು ಕೆತ್ತಬೇಕು ಎಂಬುದರ ಜೊತೆಗೆ, ಸಮಾಧಿಯ ಖರ್ಚಿಗೆ ದಾನಿಯೊಬ್ಬರು ಕೊಟ್ಟ ಹಣದ ಏರ್ಪಾಡನ್ನೂ ಮಾಡಿದ್ದೇನೆ ಎಂದು ಅದರಲ್ಲಿ ತಿಳಿಸಿದ್ದರು. ಜಗದ್ಗುರುಗಳೇ ತಮ್ಮ ಸಾವಿನ ಖರ್ಚಿನ ಮಾತಾಡಿದ್ದಾರೆ ಎಂದ ಮೇಲೆ ನಮಗೇಕೆ ಸಂಕೋಚ?

ಈಗ ಮನೆಯ ಮಾತಿಗೆ ಬರೋಣ. ಸಾವು ಪೇಟೆಯ ಧಾರಣೆ ನೋಡಿಕೊಂಡು ಬರುವುದಿಲ್ಲ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಕೇಳುವವರಿಲ್ಲದೆ ಬಿದ್ದಿರುವ ಸೇವಂತಿಗೆ ವರಮಹಾಲಕ್ಷ್ಮಿ, ಗಣೇಶ, ದಸರೆ, ದೀಪಾವಳಿಯಲ್ಲಿ ಮುಟ್ಟಲಾಗದ ಬೆಲೆಗೆ ಏರುತ್ತದೆ. ಮದುವೆಯ ಮುಹೂರ್ತಗಳಿದ್ದರಂತೂ ಕೇಳುವುದೇ ಬೇಡ. ದುಃಖದಲ್ಲಿರುವವರು ಚೌಕಾಸಿ ಮಾಡಲಾರರು. ಆದ್ದರಿಂದ ಹೂವಿಗೆ ಹೋಗುವುದು ಮಗನಾಗಲಿ ಮಗಳಾಗಲಿ ಅಲ್ಲ, ನೆರೆಯ ಒಬ್ಬ ಹಿರಿಯರು ಹೋಗಲಿ. ಅವರ ಕೈಯಲ್ಲಿ ಒಂದು ಲಕೋಟೆಯಲ್ಲಿ ಗೊತ್ತಾದ ಹಣವಿರಲಿ, ಅಷ್ಟೇ ಇರಲಿ. ಅದು ಮುಗಿದರೆ ಹೂವೂ ಮುಗಿಯಿತು. ಕಟ್ಟಿದ ದೊಡ್ಡ ಹಾರಕ್ಕಿಂತ ಬಿಡಿ ಹೂವು ಕಿಲೋ ಲೆಕ್ಕದಲ್ಲಿ ಅಗ್ಗ. ಜಾಗರಣೆಯ ರಾತ್ರಿ ಜಪಮಾಲೆಯ ನಡುವೆ ಮನೆಯ ಹೆಣ್ಣುಮಕ್ಕಳು, ಗಂಡುಮಕ್ಕಳೂ ಸಹ, ಕುಳಿತು ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಎಷ್ಟು ಮಾರು ಬೇಕಾದರೂ ಆಗುತ್ತದೆ. ಕೈಗೆ ಕೆಲಸವಿದ್ದರೆ ಮನಸ್ಸಿಗೂ ಸ್ವಲ್ಪ ಆಸರೆ. ಹಿತ್ತಲಿನ ನಂದಿಬಟ್ಟಲು, ಕಣಗಿಲೆ, ದಾಸವಾಳ, ಮರುಗ ಯಾವುದೂ ದೇವರಿಗೆ ಕೀಳಲ್ಲ. ಥರ್ಮಕೋಲಿಗೆ, ಹಸಿರು ಸ್ಪಂಜಿಗೆ ಚುಚ್ಚಿದ ಹೂಚಕ್ರ ಬೇಡ. ಹೂವು ಮಣ್ಣಾದ ಮೇಲೂ ಆ ಸ್ಪಂಜು ಸಮಾಧಿಭೂಮಿಯಲ್ಲಿ ಉಳಿದೇ ಇರುತ್ತದೆ. ಅದನ್ನು ಆರಿಸುವವರು ಯಾರೆಂದು ನಿಮಗೂ ಗೊತ್ತು.

ಎಷ್ಟು ಹಣ ಎಂದು ಕೇಳುತ್ತೀರಿ. ಕಾಗದದಲ್ಲಿ ಮೊದಲು ಪೆಟ್ಟಿಗೆ, ಗುಂಡಿ ತೋಡುವವರ ಕೂಲಿ, ವ್ಯಾನು, ದೂರದಿಂದ ಬಂದವರ ಗಂಜಿ ಕಾಫಿ, ಮೃತರಿಗಾಗಿ ಪೂಜೆ, ಉಳಿದವರ ಮುಂದಿನ ತಿಂಗಳ ಅಕ್ಕಿ ಔಷಧಿ, ಇವನ್ನು ಬರೆದುಕೊಳ್ಳಿ. ಹೂವು ಆಮೇಲೆ. ನನ್ನದೊಂದು ಅಳತೆಯಿದೆ, ಶ್ರೀಸಭೆಯ ನಿಯಮವಲ್ಲ: ಆ ಮನೆಯವರ ಒಂದು ದಿನದ ದುಡಿಮೆ. ಕೂಲಿಯ ಮನೆಗೆ ಒಂದು ದಿನದ ಕೂಲಿ, ಮೇಷ್ಟ್ರ ಮನೆಗೆ ಒಂದು ದಿನದ ಸಂಬಳ. ಮರಿಯಳು ವರ್ಷದ ದುಡಿಮೆಯನ್ನೇ ಸುರಿದಳಲ್ಲ ಎಂದು ಒಬ್ಬ ಯುವಕ ನನ್ನನ್ನು ಹಿಡಿದಿದ್ದ. ಸುರಿದಳು ಮಗನೇ, ಆದರೆ ಅದು ಅವಳ ಬಳಿ ಇದ್ದದ್ದು. ತನ್ನ ಕೈಲಾದದ್ದನ್ನು ಆಕೆ ಮಾಡಿದಳೆಂದು ಪ್ರಭುಗಳು ಮೆಚ್ಚಿದರೆಂದು ಸಂತ ಮಾರ್ಕರು ಹೇಳುತ್ತಾರೆ. ಬಡ್ಡಿಯವನ ಮನೆಗೆ ಹೋಗಿ ತಂದಳೆಂದು ಯಾರೂ ಹೇಳುವುದಿಲ್ಲ. ನಿಕೊದೇಮನೂ ಸುಮಾರು ನೂರು ರಾತ್ತಲು, ಅಂದರೆ ನಮ್ಮ ಲೆಕ್ಕದಲ್ಲಿ ಮೂವತ್ತು ಕಿಲೋಗೂ ಮೇಲೆ, ರಕ್ತಬೋಳ ಮತ್ತು ಅಗರುವಿನ ಮಿಶ್ರಣ ತಂದ. ಅವನಿಗೆ ಅನುಕೂಲವಿತ್ತು, ತಂದ. ಇರುವವರು ತರಲಿ.

ಇರುವವರಿಗೂ ಒಂದು ಮಾತು. ನಮ್ಮ ಧರ್ಮಕೇಂದ್ರಗಳಲ್ಲಿ ಸ್ತ್ರೀಯರ ಸಂಘ, ಯುವಜನರ ಸಂಘ, ವಾರ್ಡಿನವರು, ನೆಂಟರು, ಕಚೇರಿಯವರು ಎಂದು ಒಬ್ಬೊಬ್ಬರೂ ಒಂದೊಂದು ಹಾರ ತರುತ್ತಾರೆ. ನಾಲ್ಕು ಜನ ಏನೆಂದಾರು ಎಂಬ ಭಯ. ಎಲ್ಲರೂ ಸೇರಿ ಒಂದು ಹಾರ ಹಾಕಿ, ಉಳಿದದ್ದನ್ನು ಲಕೋಟೆಯಲ್ಲಿಟ್ಟು ಆ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಟ್ಟರೆ ಏನು ಕಡಿಮೆಯಾದೀತು? ಇಲ್ಲವೇ ಅಗಲಿದವರ ಆತ್ಮಕ್ಕಾಗಿ ಪೂಜೆ ಹೇಳಿಸಿ. ಯೂದನೆಂಬ ಹೆಸರಿನ ಇನ್ನೊಬ್ಬ ಲೆಕ್ಕಗಾರ ಶ್ರೀಗ್ರಂಥದಲ್ಲಿದ್ದಾನೆ, ಯೂದ ಮಕ್ಕಬಿ. ಮಡಿದ ಸೈನಿಕರಿಗಾಗಿ ಸುಮಾರು 2000 ಬೆಳ್ಳಿ ನಾಣ್ಯ ಕೂಡಿಸಿ ಪಾಪಪರಿಹಾರ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳಿಸಿದ. ಸತ್ತವರಿಗಾಗಿ ಹಣ ಎತ್ತುವುದು ಎಷ್ಟು ಹಳೆಯ ಸಂಪ್ರದಾಯ ನೋಡಿ. ಹೊರದೇಶದಲ್ಲಿದ್ದು ಬರಲಾಗದ ಮಕ್ಕಳು, ಎಷ್ಟಾದರೂ ಆಗಲಿ ಚೆನ್ನಾಗಿ ಮಾಡಿಸಿ ಎಂದು ಫೋನಿನಲ್ಲಿ ಅಳುತ್ತಾ ಹಣ ಕಳಿಸುತ್ತಾರೆ. ಅವರನ್ನು ಗೇಲಿ ಮಾಡಬೇಡಿ. ಮುಟ್ಟಲು ಸಿಗದ ಕೈಗೆ ಹೂವೊಂದೇ ತೋಚುತ್ತದೆ. ಅವ್ವನ ಬಿ.ಪಿ. ಮಾತ್ರೆಯ ಖರ್ಚು ಈ ವರ್ಷ ನಿನ್ನದಪ್ಪ ಎಂದು ಅವರಿಗೆ ಮೆಲ್ಲನೆ ಹೇಳುವ ಚಿಕ್ಕಪ್ಪನೊಬ್ಬ ಮನೆಯಲ್ಲಿರಬೇಕು.

ಶ್ರೀಸಭೆಗೆ ಶ್ರೀಮಂತರ ಸಾವು ಬೇರೆ, ಬಡವರ ಸಾವು ಬೇರೆ ಅಲ್ಲ. ಅಂತ್ಯಸಂಸ್ಕಾರದ ಕಾಣಿಕೆಯ ವಿಷಯದಲ್ಲಿ ಮುಖ ನೋಡಿ ಮಣೆ ಹಾಕಬಾರದು, ಬಡವರಿಗೆ ಸಲ್ಲಬೇಕಾದ ಸಂಸ್ಕಾರ ತಪ್ಪಬಾರದು ಎಂದು 1983ರ ಧರ್ಮಸಭಾ ಕಾನೂನಿನ 1181ನೆಯ ವಿಧಿಯೇ ಎಚ್ಚರಿಸುತ್ತದೆ. ಇಬ್ಬರಿಗೂ ಅದೇ ತೀರ್ಥದ ಹನಿ, ಅದೇ ಧೂಪ, ಅದೇ ಪ್ರಾರ್ಥನೆ. ಪೆಟ್ಟಿಗೆಯ ಮೇಲೆ ಶುಭಸಂದೇಶವನ್ನೋ ಶಿಲುಬೆಯನ್ನೋ ಇಡುತ್ತೇವೆ. ಅದು ಕಾಣುವಷ್ಟು ಜಾಗವನ್ನು ಹೂವು ಬಿಟ್ಟುಕೊಡಲಿ. ತಪಸ್ಸುಕಾಲದಲ್ಲಿ ಬಲಿಪೀಠಕ್ಕೆ ಹೂವಿಲ್ಲ ಎಂಬುದನ್ನೂ ನೆನಪಿಡಿ; ಆ ದಿನಗಳಲ್ಲಿ ಹಾರ ತಂದು ಪೀಠಕ್ಕೆ ಹಾಕಿ ಎಂದು ನಮ್ಮನ್ನು ಒತ್ತಾಯಿಸಬೇಡಿ. ಮಣ್ಣು ಕೊಟ್ಟಾದ ಮೇಲೆ ಹಾರಗಳು ಹೆಚ್ಚಾಗಿ ಬಿದ್ದಿದ್ದರೆ ಒಂದೆರಡನ್ನು ಎತ್ತಿ ಪಕ್ಕದ, ಯಾರೂ ಬಾರದ ಸಮಾಧಿಯ ಮೇಲಿಡಿ. ಮೇಕೆಗೆ ಹೋಗುವುದಕ್ಕಿಂತ ಅದು ವಾಸಿ.

ಆ ಗಾರೆಯವರ ಮಗಳು ಒಂದು ವರ್ಷ ತಡವಾಗಿ ನರ್ಸಿಂಗ್ ಸೇರಿದಳು. ಓಲೆ ಬಿಡಿಸಿಕೊಳ್ಳಲು ಮಾತ್ರ ಇನ್ನೂ ಹೆಚ್ಚು ಕಾಲ ಹಿಡಿಯಿತು.

ಒಂದು ಮೊಳ ಹೂವಿನ ಅಜ್ಜಿಯ ಬಳಿ ಮುಂದಿನ ಭಾನುವಾರವೇ ಹೋಗಿ, ನಾನು ಹೇಳಿದ್ದು ತಪ್ಪಾಯಿತು, ನೀವು ಹೂವಿಡಿ ತಾಯಿ ಎಂದೆ. "ಇಟ್ಟೇ ಬಂದೆ ಸ್ವಾಮಿ" ಎಂದರು! ಕೆಲವು ವರ್ಷಗಳ ನಂತರ, ಹಾಸಿಗೆ ಹಿಡಿದಾಗ, ರೋಗಿಗಳ ಅಭ್ಯಂಗ ನೀಡಲು ಹೋಗಿದ್ದೆ. ದಿಂಬಿನ ಕೆಳಗಿಂದ ಬಟ್ಟೆಯ ಗಂಟೊಂದನ್ನು ತೆಗೆದು ಸೊಸೆಯ ಕೈಗಿಟ್ಟು, ನನಗೂ ಕೇಳಿಸುವಂತೆ ಹೇಳಿದರು: "ಹೂವು ಹಿತ್ಲಲ್ಲೈತೆ, ಕಾಸು ಕೊಟ್ಟು ತರಬ್ಯಾಡಿ. ಈ ದುಡ್ಡು ಬಂದವರ ಕಾಫಿಗೆ. ಸಕ್ಕರೆ ಕಮ್ಮಿ ಹಾಕ್ಬ್ಯಾಡಿ." ಮೊಮ್ಮಕ್ಕಳು ರಾತ್ರಿಯೆಲ್ಲ ಕುಳಿತು ನಂದಿಬಟ್ಟಲು ಕಟ್ಟಿದರು. ಸಮಾಧಿಯಿಂದ ಹಿಂತಿರುಗಿದ ಮೇಲೆ ಜಗಲಿಯ ಮೇಲೆ ಸಾಲಾಗಿ ಕುಳಿತು ಎಲ್ಲರೂ ಕಾಫಿ ಕುಡಿದೆವು. ಗಂಟಿನಲ್ಲಿ ಉಳಿದ ಚಿಲ್ಲರೆಯನ್ನು ಸೊಸೆ ತಿಂಗಳ ಪೂಜೆಗೆಂದು ನನ್ನ ಕೈಗೆ ತಂದುಕೊಟ್ಟಳು.